ನಾಯಕ ಬೆಳೆದಷ್ಟೂ ಬೆಳೆಯುವ ಶತ್ರು

ಸಿರೊಡಿಲ್ ಎಂಬ ಕಲ್ಪಿತ ಸಾಮ್ರಾಜ್ಯದ ಹೆದ್ದಾರಿಯಲ್ಲಿ ಬೆಕ್ಕಿನ ಮುಖದ ದಾರಿಗಳ್ಳನೊಬ್ಬ ಅಡ್ಡಗಟ್ಟುತ್ತಾನೆ. ನೂರು ನಾಣ್ಯ ಕೊಡದಿದ್ದರೆ ಪ್ರಾಣ ತೆಗೆಯುತ್ತೇನೆ ಎಂದು ಗದರುತ್ತಾನೆ. ಮಾತೇನೋ ಹೊಟ್ಟೆಗಿಲ್ಲದವನ ಮಾತು. ಮೈಮೇಲೆ ಮಾತ್ರ ಸಾವಿರಾರು ನಾಣ್ಯ ಬೆಲೆಬಾಳುವ, ಹಸಿರಾಗಿ ಹೊಳೆಯುವ ಗ್ಲಾಸ್ ಕವಚ. ಅದೇ ಸಾಮ್ರಾಜ್ಯದ ರಾಜಧಾನಿಯಲ್ಲಿ ಬಂದರಿನ ಪಕ್ಕದ ಗುಡಿಸಲೊಂದು 2000 ನಾಣ್ಯಕ್ಕೆ ಸಿಗುತ್ತದೆ. ಈ ಕಳ್ಳ ತನ್ನ ಅಂಗಿ ಮಾರಿದ್ದರೆ ಮನೆ ಕೊಂಡು ಮರ್ಯಾದೆಯಿಂದ ಬದುಕಬಹುದಿತ್ತು. 2006ರಲ್ಲಿ ಬೆಥೆಸ್ಡಾ ಹೊರತಂದ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಆಬ್ಲಿವಿಯನ್’ ಆಟದ ಈ ಕಳ್ಳನೇ ಅಂದಿನಿಂದ ಲೆವೆಲ್ ಸ್ಕೇಲಿಂಗ್ ವಿರುದ್ಧದ ಮೊಕದ್ದಮೆಯಲ್ಲಿ ಮೊದಲ ಸಾಕ್ಷಿ.

ಆಡದವರಿಗೆ ಎರಡು ಮಾತು ಹೇಳಬೇಕು. ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ನಮ್ಮ ಪಾತ್ರ ಹೋರಾಡುತ್ತ, ಕಲಿಯುತ್ತ ಲೆವೆಲ್ ಏರುತ್ತದೆ. ಹಾಗೆ ಏರಿದಂತೆಲ್ಲ ಶತ್ರುಗಳ ಹೆಲ್ತ್, ಹೊಡೆತದ ಬಲ, ಕೆಲವು ಆಟಗಳಲ್ಲಿ ಅವರ ಆಯುಧ ಕವಚಗಳೂ ತಾವಾಗಿಯೇ ಏರಿಕೊಂಡರೆ ಅದು ಲೆವೆಲ್ ಸ್ಕೇಲಿಂಗ್. ಇದನ್ನು ಬೈಯುವವರ ವಾದ ನೇರವಾಗಿದೆ: ನಾನು ಬೆಳೆದಷ್ಟೇ ಎದುರಾಳಿಯೂ ಬೆಳೆದರೆ ನಾನು ಬೆಳೆದದ್ದೆಲ್ಲಿ? ಗಾಣದೆತ್ತು ದಿನವಿಡೀ ನಡೆದರೂ ಸಂಜೆಗೆ ನಿಂತಲ್ಲೇ ಇರುತ್ತದೆ. ಈ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಕಟಕಟೆಯಲ್ಲಿ ನಿಲ್ಲಿಸಿರುವುದು ತಪ್ಪು ಆರೋಪಿಯನ್ನು ಎಂಬುದು ನನ್ನ ವಾದ. ಸ್ಕೇಲಿಂಗ್ ಪರಂಪರೆ ಸೋತ ಕಡೆಯಲ್ಲೆಲ್ಲ ತಪ್ಪು ಶತ್ರು ಬೆಳೆದದ್ದರಲ್ಲಿಲ್ಲ, ನಾಯಕನ ಬೆಳವಣಿಗೆಯನ್ನು ಅಳೆಯಲು ಇಟ್ಟುಕೊಂಡ ಒಂಟಿ ಅಂಕಿಯಲ್ಲಿದೆ.

ಈ ಅಂಕಿ ಬಂದದ್ದು ಮೇಜಿನ ಮೇಲಿನ ಆಟದಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ನೆಲಮಾಳಿಗೆಯ ಆಳವೇ ಅಪಾಯದ ಅಳತೆ. ಎಷ್ಟು ಕೆಳಗಿಳಿದರೆ ಅಷ್ಟು ಭೀಕರ ಪ್ರಾಣಿಗಳು, ಅಷ್ಟೇ ದೊಡ್ಡ ನಿಧಿ. ಇಳಿಯುವುದೋ ಬಿಡುವುದೋ ಆಟಗಾರರಿಗೆ ಬಿಟ್ಟದ್ದು. ಜಪಾನಿನಲ್ಲಿ ಯೂಜಿ ಹೋರಿ ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’ (1986) ಈ ಆಳವನ್ನು ಬಯಲಿಗೆ ತಂದು ಹಾಸಿತು. ಅಲ್ಲಿ ಒಂದೊಂದು ಸೇತುವೆಯೂ ಎಚ್ಚರಿಕೆಯ ಗೆರೆ, ದಾಟಿದರೆ ಆಚೆಗಿರುವವರು ಹೆಚ್ಚು ಬಲಿಷ್ಠರು. ಸ್ಥಿರ ಜಗತ್ತಿನ ಪಂಥ ಎನ್ನಬಹುದಾದದ್ದರ ಮೂಲ ಇಲ್ಲಿದೆ. ಅಪಾಯ ಇರುವಲ್ಲೇ ಇರುತ್ತದೆ, ನಾವು ಅದಕ್ಕೆ ತಕ್ಕವರಾಗಿ ಹೋಗಬೇಕು.

ಮೇಜಿನ ಆಟದಲ್ಲಿ ಇನ್ನೊಂದು ಸಂಗತಿಯೂ ಇತ್ತು, ಸ್ಥಿರ ಜಗತ್ತಿನ ಭಕ್ತರು ಅದನ್ನು ನೆನಪಿಸಿಕೊಳ್ಳುವುದು ಕಡಿಮೆ. ಆಟ ನಡೆಸುವ ಡಂಜನ್ ಮಾಸ್ಟರ್ ಎದುರು ಕೂತವರ ಮುಖ ನೋಡುತ್ತಿದ್ದ. ತಂಡ ನಲುಗಿದ್ದರೆ ಗುಹೆಯಲ್ಲಿನ ಆರು ಜನ ಶತ್ರುಗಳು ನಾಲ್ವರಾಗುತ್ತಿದ್ದರು, ಬೇಸರದಿಂದ ಆಕಳಿಸುತ್ತಿದ್ದರೆ ಬಾಗಿಲ ಹಿಂದೊಂದು ದೈತ್ಯ ಹುಟ್ಟುತ್ತಿತ್ತು. ಕಂಪ್ಯೂಟರಿಗೆ ಮುಖ ಕಾಣದು, ಅಂಕಿ ಮಾತ್ರ ಕಾಣುತ್ತದೆ. ಆ ನಡೆಸುವವನ ವಿವೇಕವನ್ನು ಲೆಕ್ಕಕ್ಕಿಳಿಸುವ ಯತ್ನವೇ ಲೆವೆಲ್ ಸ್ಕೇಲಿಂಗ್. ಹಾಗಾಗಿ ಇದು ಸೋಮಾರಿ ತಯಾರಕರ ಅಡ್ಡದಾರಿ ಎಂಬ ಬೈಗುಳವನ್ನು ನಾನು ಒಪ್ಪುವುದಿಲ್ಲ. ಅದರ ಬೇರು ಸ್ಥಿರ ಜಗತ್ತಿನ ಬೇರಿನಷ್ಟೇ ಹಳೆಯದು.

ಬೆಥೆಸ್ಡಾಕ್ಕೆ ಇದರ ಅಗತ್ಯ ಬಿದ್ದದ್ದು ಸ್ವಾತಂತ್ರ್ಯದ ಕಾರಣಕ್ಕೆ. ಎಲ್ಲಿಗೆ ಬೇಕಾದರೂ ಹೋಗಿ, ಯಾವ ಕಥೆ ಬೇಕಾದರೂ ಮೊದಲು ಹಿಡಿಯಿರಿ ಎನ್ನುವ ಆಟಕ್ಕೆ ಸೇತುವೆಯ ಗೆರೆ ಎಳೆಯುವುದು ಕಷ್ಟ. ಎಲ್ಡರ್ ಸ್ಕ್ರೋಲ್ಸ್ ಸರಣಿಯಲ್ಲಿ 1996ರ ‘ಡ್ಯಾಗರ್‌ಫಾಲ್’ ಅಷ್ಟಿಷ್ಟು ಸ್ಕೇಲಿಂಗ್ ಮಾಡಿತ್ತು. 2002ರ ‘ಮಾರೋವಿಂಡ್’ ಬಹುಮಟ್ಟಿಗೆ ಸ್ಥಿರವಾಗಿತ್ತು, ಇಂದಿಗೂ ಅದನ್ನೇ ಈ ಸರಣಿಯ ಶಿಖರ ಎನ್ನುವವರಿದ್ದಾರೆ. ಆದರೆ ಮಾರೋವಿಂಡ್‌ನಲ್ಲಿ ಊರೂರು ಸುತ್ತಿ, ಗಿಲ್ಡ್‌ಗಳ ಕೆಲಸವೆಲ್ಲ ಮುಗಿಸಿ ಬಲಿತವನಿಗೆ ಮುಖ್ಯ ಕಥೆಯ ಶತ್ರು ಬೆವರಿಳಿಸುವುದಿಲ್ಲ. ಜಗತ್ತನ್ನು ಪ್ರೀತಿಯಿಂದ ನೋಡಿದವನಿಗೇ ಕೊನೆಯ ಯುದ್ಧ ಸಪ್ಪೆಯಾಗುತ್ತದೆ. ಕೆನ್ ರೋಲ್ಸ್ಟನ್ ಮುಖ್ಯ ವಿನ್ಯಾಸಕರಾಗಿದ್ದ ಆಬ್ಲಿವಿಯನ್ ಈ ಸಪ್ಪೆಗೆ ಮದ್ದು ಹುಡುಕಿತು. ಮದ್ದಿನ ಪ್ರಮಾಣ ಮಾತ್ರ ಅತಿಯಾಯಿತು.

ಆಬ್ಲಿವಿಯನ್‌ನಲ್ಲಿ ನಿಜಕ್ಕೂ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಟದಲ್ಲಿ 21 ಸ್ಕಿಲ್‌ಗಳಿವೆ. ಅವುಗಳಲ್ಲಿ ಏಳನ್ನು ಮುಖ್ಯ ಸ್ಕಿಲ್‌ಗಳೆಂದು ಆರಂಭದಲ್ಲೇ ಆರಿಸಿಕೊಳ್ಳಬೇಕು. ಈ ಏಳರಲ್ಲಿ ಒಟ್ಟು ಹತ್ತು ಏರಿಕೆ ಕಂಡ ಮೇಲೆ ಹಾಸಿಗೆ ಹುಡುಕಿ ಮಲಗಿದರೆ ಒಂದು ಲೆವೆಲ್. ಕತ್ತಿ ಬೀಸುವುದು ಒಂದು ಸ್ಕಿಲ್, ಹಾಗೆಯೇ ವ್ಯಾಪಾರ, ಮಾತುಗಾರಿಕೆ, ಬೀಗ ಮುರಿಯುವುದು, ಓಡುವುದು, ನೆಗೆಯುವುದೂ ಸ್ಕಿಲ್‌ಗಳೇ. ಸಂತೆಯಲ್ಲಿ ಚೌಕಾಸಿ ಮಾಡುತ್ತ, ಗುಡ್ಡದಿಂದ ಗುಡ್ಡಕ್ಕೆ ನೆಗೆಯುತ್ತ ಬೆಳೆದ ಪಾತ್ರದ ಲೆವೆಲ್ ಹದಿನೈದು ಆಗಿರಬಹುದು, ಕತ್ತಿ ಹಿಡಿಯುವ ಕೈ ಮಾತ್ರ ಮೊದಲ ದಿನದ್ದೇ. ಶತ್ರು ನೋಡುವುದು ಲೆವೆಲ್ ಅಂಕಿಯನ್ನು. ಹದಿನೈದಕ್ಕೆ ತಕ್ಕ ಗಾಬ್ಲಿನ್ ಎದುರಾಗುತ್ತದೆ, ವ್ಯಾಪಾರಿ ಸಾಯುತ್ತಾನೆ.

ಇನ್ನೊಂದು ಪೆಟ್ಟೂ ಕಾದಿತ್ತು. ಲೆವೆಲ್ ಏರುವಾಗ ಮೂರು ಗುಣಗಳನ್ನು ಹೆಚ್ಚಿಸಿಕೊಳ್ಳಬಹುದು. ಪ್ರತಿಯೊಂದಕ್ಕೂ ಸಿಗುವ ಅಂಕ ಒಂದರಿಂದ ಐದರೊಳಗೆ ಎಷ್ಟು ಎಂಬುದು ಆ ಅವಧಿಯಲ್ಲಿ ಯಾವ ಸ್ಕಿಲ್ ಎಷ್ಟು ಬಳಸಿದಿರಿ ಎಂಬುದರ ಮೇಲೆ ನಿಂತಿದೆ. ಇದನ್ನು ಅರಿತ ಆಟಗಾರರು ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಏರಿಕೆಗಳ ಪಟ್ಟಿ ಬರೆಯತೊಡಗಿದರು. ಕೆಲವರು ಇನ್ನೂ ಜಾಣರು. ತಾವು ಎಂದೂ ಬಳಸದ ಸ್ಕಿಲ್‌ಗಳನ್ನೇ ಮುಖ್ಯವೆಂದು ಆರಿಸಿ, ಲೆವೆಲ್ ಏರದಂತೆ ನೋಡಿಕೊಂಡು, ಬಲವನ್ನು ಮಾತ್ರ ಬೆಳೆಸಿಕೊಂಡರು. ಹಾಸಿಗೆಯಲ್ಲಿ ಮಲಗದೆಯೇ ಸಾಮ್ರಾಜ್ಯ ಉಳಿಸಿದವರೂ ಉಂಟು. ಕ್ವಾಚ್ ನಗರವನ್ನು ನರಕದ ದ್ವಾರದಿಂದ ಬಿಡಿಸುವ ಕಥೆಯನ್ನು ಮೊದಲ ದಿನವೇ ಹಿಡಿದರೆ ಎದುರಾಗುವುದು ಸ್ಕ್ಯಾಂಪ್ ಎಂಬ ಪುಟ್ಟ ಪಿಶಾಚಿಗಳು. ಇಪ್ಪತ್ತರ ಲೆವೆಲ್ಲಿಗೆ ಹೋದರೆ ಮೊಸಳೆಮೋರೆಯ ಡೇಡ್ರಾತ್‌ಗಳ ಹಿಂಡು. ‘ಚಿಲ್‌ರೆಂಡ್’ ಎಂಬ ಹೆಸರಾಂತ ಕತ್ತಿ ಬೇಗ ಸಿಕ್ಕರೆ ಕೊನೆಯವರೆಗೂ ದುರ್ಬಲ, ತಡವಾಗಿ ಸಿಕ್ಕರೆ ಪ್ರಬಲ. ಬೇಗ ಧೈರ್ಯ ತೋರಿದವನಿಗೆ ಮುರುಕು ಬಹುಮಾನ.

ಈ ಎಲ್ಲ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಲೆವೆಲ್ ಎಂಬ ಅಂಕಿ ಇಲ್ಲಿ ಬಲದ ಅಳತೆಯೇ ಆಗಿರಲಿಲ್ಲ. ಚಟುವಟಿಕೆಯ ಲೆಕ್ಕವನ್ನು ಬಲದ ಲೆಕ್ಕವೆಂದು ಶತ್ರುಗಳಿಗೆ ವರದಿ ಮಾಡುತ್ತಿತ್ತು, ಅಷ್ಟೆ. ಸುಳ್ಳು ವರದಿಯನ್ನು ನಂಬಿ ಬಂದ ಸೈನ್ಯವನ್ನು ಬೈದು ಏನು ಫಲ? 2025ರ ಏಪ್ರಿಲ್‌ನಲ್ಲಿ ಬಂದ ಆಬ್ಲಿವಿಯನ್ ರೀಮಾಸ್ಟರ್ಡ್ ಇದಕ್ಕೆ ಒಳ್ಳೆಯ ಪರೀಕ್ಷೆಯಾಯಿತು. ಅದು ಶತ್ರುಗಳ ಸ್ಕೇಲಿಂಗನ್ನು ಉಳಿಸಿಕೊಂಡಿತು, ನಾಯಕನ ಏಣಿಯನ್ನು ಬದಲಿಸಿತು. ಎಲ್ಲ ಸ್ಕಿಲ್‌ಗಳೂ ಲೆವೆಲ್ಲಿಗೆ ಲೆಕ್ಕ, ಪ್ರತಿ ಏರಿಕೆಗೂ ಇಷ್ಟಬಂದಂತೆ ಹಂಚಿಕೊಳ್ಳಲು ಹನ್ನೆರಡು ಅಂಕ. ಕಾಗದದ ಪಟ್ಟಿ ಬೇಡವಾಯಿತು, ಹಳೆಯ ನೋವಿನ ದೊಡ್ಡ ಪಾಲು ಅದರ ಜೊತೆಗೇ ಹೋಯಿತು.

ಲೆವೆಲ್ ಮತ್ತು ಬಲ ಬೇರೆ ಬೇರೆ ಎಂಬುದನ್ನು ಆಬ್ಲಿವಿಯನ್ ಗೊತ್ತಿಲ್ಲದೆ ಎಡವಿ ತೋರಿಸಿತು. ಅದಕ್ಕೂ ಏಳು ವರ್ಷ ಮೊದಲೇ ಜಪಾನಿನ ಸ್ಕ್ವೇರ್ ಅದನ್ನು ಬೇಕೆಂದೇ ಆಟವಾಗಿಸಿತ್ತು. 1999ರ ‘ಫೈನಲ್ ಫ್ಯಾಂಟಸಿ 8’ರಲ್ಲಿ ತಂಡದ ಸರಾಸರಿ ಲೆವೆಲ್ಲಿಗೆ ಶತ್ರುಗಳು ಹೊಂದಿಕೊಳ್ಳುತ್ತಾರೆ. ಆದರೆ ನಿಜವಾದ ಬಲ ಬರುವುದು ಜಂಕ್ಷನ್ ಎಂಬ ಏರ್ಪಾಡಿನಿಂದ. ಶತ್ರುಗಳಿಂದ ಎಳೆದುಕೊಂಡ, ವಸ್ತುಗಳಿಂದ ತಯಾರಿಸಿಕೊಂಡ ಮಂತ್ರಗಳನ್ನು ನೂರರವರೆಗೆ ಕೂಡಿಟ್ಟು ಅವನ್ನು ಹೆಲ್ತ್‌ಗೋ ಹೊಡೆತಕ್ಕೋ ಜೋಡಿಸಬೇಕು. ಶತ್ರುವನ್ನು ಕೊಲ್ಲದೆ ಇಸ್ಪೀಟಿನಂಥ ಕಾರ್ಡಾಗಿ ಬದಲಿಸುವ ವಿದ್ಯೆಯೂ ಇದೆ. ಹಾಗೆ ಮಾಡಿದರೆ ಲೆವೆಲ್ ಏರುವುದಿಲ್ಲ, ಕಾರ್ಡಿನಿಂದ ಒಳ್ಳೆಯ ಮಂತ್ರ ಹುಟ್ಟುತ್ತದೆ. ಹೀಗೆ ಲೆವೆಲ್ ತಗ್ಗಿಸಿಕೊಂಡೇ ದೈತ್ಯರಾದವರು ಈ ಆಟದ ನಿಜವಾದ ಪಂಡಿತರು. ಯಾಂತ್ರಿಕವಾಗಿ ಶತ್ರುಗಳನ್ನು ಕೊಂದು ಕೊಂದು ಬಲಿಯುವ ಹಳೆಯ ಚಾಳಿಯನ್ನು ಆಟ ಇಲ್ಲಿ ಮೆಲ್ಲಗೆ ಗೇಲಿ ಮಾಡುತ್ತದೆ. ಹೆಚ್ಚಿನ ಲೆವೆಲ್ಲಿನ ಶತ್ರುಗಳ ಬಳಿ ಒಳ್ಳೆಯ ಸಾಮಗ್ರಿ ಇರುವುದರಿಂದ ಏರುವುದರಲ್ಲೂ ಒಂದು ಆಸೆ ಉಳಿದಿದೆ. ಅನೇಕರಿಗೆ ಇದು ಮುರಿದ ಆಟವೆನಿಸಿತು. ನನಗೆ ಈ ಪರಂಪರೆಯಲ್ಲಿ ಇದಕ್ಕಿಂತ ಚುರುಕಾದ ಯೋಚನೆ ಕಂಡಿಲ್ಲ.

ಬೆಥೆಸ್ಡಾ ಕಲಿತದ್ದು ಬೇರೆ ಪಾಠ. ‘ಫಾಲ್‌ಔಟ್ 3’ (2008) ಮತ್ತು ‘ಸ್ಕೈರಿಮ್’ (2011) ಆಟಗಳಲ್ಲಿ ಜಾಗಗಳಿಗೆ ಕನಿಷ್ಠ ಗರಿಷ್ಠದ ಎಲ್ಲೆ ಹಾಕಿದರು, ಒಳಗೆ ಮೊದಲ ಬಾರಿ ಕಾಲಿಟ್ಟಾಗಿನ ಲೆವೆಲ್ಲಿಗೆ ಆ ಜಾಗವನ್ನು ಬಿಗಿದರು. ಸೋತು ಓಡಿಬಂದ ಗುಹೆಗೆ ಹತ್ತು ಲೆವೆಲ್ ಏರಿ ಮರಳಿದರೆ ಸೇಡು ತೀರಿಸಿಕೊಳ್ಳುವ ಸುಖ ಸಿಗುತ್ತದೆ. ಸ್ಕೈರಿಮ್‌ನ ಸಾಮಾನ್ಯ ದರೋಡೆಕೋರ ಒಂದು ಹಂತದಾಚೆ ಬೆಳೆಯುವುದಿಲ್ಲ. ಬಯಲಿನ ದೈತ್ಯನಂತೂ ಹೊಸಬನನ್ನು ಒಂದೇ ಏಟಿಗೆ ಆಕಾಶಕ್ಕೆ ಹಾರಿಸುತ್ತಾನೆ. ಸಮಾಧಿಗಳಲ್ಲಿ ಎದ್ದುಬರುವ ಡ್ರಾಗರ್ ಶವಗಳ ಅಂಕಿ ಏರುವುದರ ಜೊತೆಗೆ ಜಾತಿಯೂ ಬದಲಾಗಿ, ಕೊನೆಗೆ ಕೂಗಿನಿಂದಲೇ ಕೈಯ ಆಯುಧ ಕೆಡಹುವ ಡೆತ್‌ಲಾರ್ಡ್‌ಗಳು ಬರುತ್ತಾರೆ. ಇಷ್ಟಾದರೂ ಬೀಗ ಮುರಿದು, ಮದ್ದು ಅರೆದು ಏರಿದ ಪಾತ್ರಕ್ಕೆ ಸ್ಕೈರಿಮ್‌ನಲ್ಲೂ ಹಳೆಯ ಶಿಕ್ಷೆ ತಪ್ಪಿಲ್ಲ, ತೀವ್ರತೆ ತಗ್ಗಿದೆ ಅಷ್ಟೇ.

ಎದುರು ಪಂಥದ ಗೆಲುವುಗಳನ್ನು ಮುಚ್ಚಿಡಬಾರದು. ಜರ್ಮನಿಯ ಪಿರಾನ್ಹಾ ಬೈಟ್ಸ್ ತಯಾರಿಸಿದ ‘ಗಾಥಿಕ್’ (2001) ಆಟದಲ್ಲಿ ಕಾಡಿನಂಚಿಗೆ ಹೋದರೆ ಸಾವು, ಅದರಲ್ಲಿ ದಯೆ ದಾಕ್ಷಿಣ್ಯವಿಲ್ಲ. ‘ಫಾಲ್‌ಔಟ್: ನ್ಯೂ ವೇಗಸ್’ (2010) ಆರಂಭದ ಊರಿನಿಂದ ವೇಗಸ್ ದೀಪಗಳಿಗೆ ನೇರ ದಾರಿ ತೋರಿಸಿ, ಆ ದಾರಿಯ ಕಲ್ಲುಕ್ವಾರಿಯಲ್ಲಿ ಡೆತ್‌ಕ್ಲಾ ಎಂಬ ಭೀಕರ ಪ್ರಾಣಿಗಳನ್ನು ಕೂರಿಸಿತು. ‘ಝೆನೋಬ್ಲೇಡ್ ಕ್ರಾನಿಕಲ್ಸ್’ (2010) ಇನ್ನೂ ಎಳೆಯರಾಗಿರುವಾಗಲೇ ನಾವು ಕಾಲಿಡುವ ಹುಲ್ಲುಗಾವಲಿನಲ್ಲಿ 81ನೇ ಲೆವೆಲ್ಲಿನ ಗೊರಿಲ್ಲಾ ಒಂದನ್ನು ನಿಶ್ಚಿಂತೆಯಿಂದ ಅಡ್ಡಾಡಿಸುತ್ತದೆ. ಜಗತ್ತು ನನಗಾಗಿ ಹುಟ್ಟಿದ್ದಲ್ಲ ಎಂಬ ಭಾವ ಇಲ್ಲಿ ಮೈಗೇ ತಟ್ಟುತ್ತದೆ, ಸ್ಕೇಲಿಂಗ್ ಆಟಗಳಿಗೆ ಅದು ದಕ್ಕುವುದು ಕಷ್ಟ.

ಆದರೆ ಸ್ಥಿರವಾಗಿದ್ದ ಮಾತ್ರಕ್ಕೆ ಜಗತ್ತು ಪ್ರಾಮಾಣಿಕವಾಗುವುದಿಲ್ಲ. ‘ದಿ ವಿಚರ್ 3’ (2015) ಆಟದ ಒಂದು ಕೆಸರಿನಲ್ಲಿ ಜೊಂಡಿನ ನಡುವೆ ಎದ್ದ ನೀರುಪಿಶಾಚಿ ಎರಡೇಟಿಗೆ ಬೀಳುತ್ತದೆ. ಹೆಚ್ಚಿನ ಲೆವೆಲ್ಲಿನ ಸೀಮೆಯಲ್ಲಿ ಅದೇ ಮೋರೆಯ ಪಿಶಾಚಿಯ ತಲೆಯ ಮೇಲೆ ಕೆಂಪು ಬುರುಡೆಯ ಗುರುತು, ಎಷ್ಟು ಹೊಡೆದರೂ ಅದು ಜಗ್ಗದು. ‘ಅಸ್ಯಾಸಿನ್ಸ್ ಕ್ರೀಡ್ ಆರಿಜಿನ್ಸ್’ (2017) ಇನ್ನೂ ವಿಚಿತ್ರ. ಹಂತಕನ ಕಥೆ ಅದು. ಹಿಂದಿನಿಂದ ಸದ್ದಿಲ್ಲದೆ ಬಂದು ಕುತ್ತಿಗೆಗೆ ಗುಪ್ತ ಅಲಗು ಇಳಿಸಿದರೂ ಸೈನಿಕನ ಲೆವೆಲ್ ಹೆಚ್ಚಿದ್ದರೆ ಅವನು ಸಾಯದೆ ತಿರುಗಿ ಬೀಳುತ್ತಾನೆ. ಎರಡೂ ಆಟಗಳು ಮುಂದೆ ಪ್ಯಾಚ್‌ಗಳಲ್ಲಿ ಸ್ಕೇಲಿಂಗನ್ನು ಐಚ್ಛಿಕವಾಗಿ ಸೇರಿಸಿದವು, ರೋಗ ಅದರಿಂದ ವಾಸಿಯಾಗಲಿಲ್ಲ. ಗ್ಲಾಸ್ ತೊಟ್ಟ ದಾರಿಗಳ್ಳನೂ ಅಲಗಿಗೆ ಸಾಯದ ಸೈನಿಕನೂ ಲೆವೆಲ್ ಅಂಕಿ ಎಂಬ ಒಂದೇ ತಾಯಿಯ ಮಕ್ಕಳು. ಒಬ್ಬನನ್ನು ಸ್ಕೇಲಿಂಗ್ ಹೆತ್ತಿತು, ಇನ್ನೊಬ್ಬನನ್ನು ಸ್ಥಿರತೆ ಹೆತ್ತಿತು ಎಂದರೆ ವಂಶಾವಳಿ ತಪ್ಪಾಗುತ್ತದೆ.

ಆನ್‌ಲೈನ್ ಆಟಗಳಲ್ಲಿ ತಕರಾರೇ ಇಲ್ಲ, ಅಲ್ಲಿ ಸ್ಕೇಲಿಂಗ್ ಬೇಕು. ಆರು ತಿಂಗಳಿಂದ ಆಡುತ್ತಿರುವವನೂ ನಿನ್ನೆ ಸೇರಿದ ಅವನ ತಂಗಿಯೂ ಒಂದೇ ಊರಿನಲ್ಲಿ ಒಟ್ಟಿಗೆ ಹೋರಾಡಬೇಕಾದರೆ ಬೇರೆ ದಾರಿಯಿಲ್ಲ. ‘ಗಿಲ್ಡ್ ವಾರ್ಸ್ 2’ (2012) ಶತ್ರುವನ್ನು ಏರಿಸದೆ ಬಲಿತ ಆಟಗಾರನನ್ನೇ ಆ ಪ್ರದೇಶದ ಮಟ್ಟಕ್ಕೆ ಇಳಿಸಿತು. ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ 2016ರಲ್ಲಿ ತನ್ನ ಇಡೀ ನಕ್ಷೆಯ ಗೋಡೆಗಳನ್ನು ಕೆಡವಿತು, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2018ರ ಆರಂಭದಲ್ಲಿ ಹಳೆಯ ಪ್ರದೇಶಗಳಿಗೂ ಅದೇ ದಾರಿ ಹಿಡಿಯಿತು.

ಇನ್ನು ತೀರ್ಪು. 2017ರ ‘ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಶುದ್ಧ ರೋಲ್ ಪ್ಲೇಯಿಂಗ್ ಗೇಮ್ ಅಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ, ಮುರಿಯಲಿ. ಅದರೊಳಗೆ ಗುಟ್ಟಾಗಿ ಒಂದು ಲೆಕ್ಕ ನಡೆಯುತ್ತಿರುತ್ತದೆ. ನಾವು ಯಾವ ಶತ್ರುಗಳನ್ನು ಕೊಂದೆವು ಎಂಬುದಕ್ಕೆ ಅಂಕ ಕೂಡುತ್ತ, ಕೆಂಪು ಬೊಕೊಬ್ಲಿನ್‌ಗಳ ಜಾಗಕ್ಕೆ ನೀಲಿ, ಆಮೇಲೆ ಕಪ್ಪು, ಕೊನೆಗೆ ಬೆಳ್ಳಿಯವು ಬರುತ್ತವೆ. ಅವುಗಳ ಜೊತೆಗೆ ನಮಗೆ ಸಿಗುವ ಆಯುಧಗಳೂ ಉತ್ತಮವಾಗುತ್ತವೆ. ಅಪ್ಪಟ ಸ್ಕೇಲಿಂಗ್ ಇದು. ಇದರ ವಿರುದ್ಧ ಆಬ್ಲಿವಿಯನ್‌ಗೆ ಎದ್ದಂಥ ಗದ್ದಲ ಏಳಲಿಲ್ಲ. ಕಾರಣ, ಇಲ್ಲಿ ನಾಯಕನಿಗೆ ಲೆವೆಲ್ ಅಂಕಿಯೇ ಇಲ್ಲ. ಹೃದಯಗಳು, ದಮ್ಮು, ಬಟ್ಟೆ, ಅಡುಗೆ, ಆಡುವವನ ಕೈಚಳಕ, ಹೀಗೆ ಬಲ ಹತ್ತು ಕಡೆ ಹಂಚಿಹೋಗಿದೆ. ಶತ್ರುವಿಗೆ ಹೋಗುವ ವರದಿಯೋ ನಾವು ಹೋರಾಡಿದ್ದರ ವರದಿ, ಅಡುಗೆ ಮಾಡಿದ್ದರದ್ದಲ್ಲ. 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಕೂಡ ಇದೇ ಕ್ರಮವನ್ನು ಉಳಿಸಿಕೊಂಡಿತು.

ಆದ್ದರಿಂದ ಈ ಪರಂಪರೆಯ ಸಾಧನೆಯನ್ನು ಒಪ್ಪಿಕೊಂಡೇ ಅದರ ಮುಂದಿನವರಲ್ಲಿ ಒಂದು ಬೇಡಿಕೆ. ಬೆಥೆಸ್ಡಾ 2018ರಲ್ಲಿ ‘ದಿ ಎಲ್ಡರ್ ಸ್ಕ್ರೋಲ್ಸ್ 6’ ಘೋಷಿಸಿದೆ. ಅದರಲ್ಲಿ ಸ್ಕೇಲಿಂಗ್ ಇರಲಿ, ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯಕ್ಕೆ ಅದು ಬೇಕು. ಸ್ಕಿಲ್‌ಗಳು ಇರಲಿ, ಅವೇ ಈ ಸರಣಿಯ ಜೀವಾಳ. ಅವೆಲ್ಲವನ್ನೂ ಕೂಡಿ ತೆಗೆಯುವ ಆ ಒಂದು ಲೆವೆಲ್ ಅಂಕಿಯನ್ನು ಮಾತ್ರ ಕೈಬಿಡಿ.