ಗೆರೆ ಎಳೆಯುವ ಮೊದಲೇ ಒಡೆದ ದ್ವೀಪ

ಸೈಪ್ರಸ್ ಒಡೆದದ್ದು ಯಾವಾಗ ಎಂದು ಕೇಳಿದರೆ ದಕ್ಷಿಣದ ಗ್ರೀಕ್ ಸೈಪ್ರಿಯಟರು 1974ರ ಜುಲೈ 20 ಎನ್ನುತ್ತಾರೆ. ಟರ್ಕಿಯ ಸೇನೆ ಕೈರೇನಿಯಾ ತೀರಕ್ಕೆ ಬಂದಿಳಿದ ದಿನ ಅದು. ಉತ್ತರದ ಟರ್ಕಿಶ್ ಸೈಪ್ರಿಯಟರು 1963ರ ಡಿಸೆಂಬರ್ 21 ಎನ್ನುತ್ತಾರೆ. ಅಂದು ನಿಕೋಸಿಯಾದಲ್ಲಿ ಹಾರಿದ ಗುಂಡು ಕೆಲವೇ ವಾರಗಳಲ್ಲಿ ಅವರನ್ನು ಸರ್ಕಾರದಿಂದಲೂ ನೂರರಷ್ಟು ಹಳ್ಳಿಗಳಿಂದಲೂ ಹೊರಹಾಕಿತು. ಎರಡೂ ತಾರೀಖುಗಳ ಹಿಂದೆ ಹೆಣಗಳಿವೆ, ಕಣ್ಮರೆಯಾದವರಿದ್ದಾರೆ. ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಇಲ್ಲಿ ನಾನು ಪರೀಕ್ಷೆಗೆ ಒಡ್ಡಬಯಸುವುದು ಮೂರನೆಯ ಒಂದು ತಾರೀಖನ್ನು: 1960ರ ಆಗಸ್ಟ್ 16. ಆ ದಿನ ದ್ವೀಪ ಸ್ವತಂತ್ರವಾಯಿತು, ಅದರ ಸಂವಿಧಾನ ಜಾರಿಗೆ ಬಂತು. ಆ ಸಂವಿಧಾನವನ್ನು ಜನರ ಮತಕ್ಕೆ ಹಾಕಿರಲಿಲ್ಲ. ಹಿಂದಿನ ವರ್ಷ ಜ್ಯೂರಿಕ್ ಮತ್ತು ಲಂಡನ್ನಿನಲ್ಲಿ ಗ್ರೀಸ್, ಟರ್ಕಿ, ಬ್ರಿಟನ್ ಸೇರಿ ಅದರ ಅಡಿಪಾಯ ಹಾಕಿದ್ದವು. ಭೂಮಿ ಒಂದೇ, ಅದನ್ನು ಹಂಚುವಂತಿಲ್ಲ ಎಂದು ಘೋಷಿಸಿದ ಈ ದಸ್ತಾವೇಜು ಆ ಭೂಮಿಯ ಮೇಲೆ ಬದುಕುವ ಜನರನ್ನು ಮಾತ್ರ ಹುಟ್ಟಿನಿಂದಲೇ ಎರಡು ಪಟ್ಟಿಗಳಿಗೆ ಹಂಚಿತು. ನೆಲದ ವಿಭಜನೆಗೆ ಮೊದಲು ಪ್ರಜೆಯ ವಿಭಜನೆ ನಡೆದಿತ್ತು, ಪ್ರಜೆಯ ವಿಭಜನೆಯೇ ನೆಲದ ವಿಭಜನೆಗೆ ದಾರಿ ಮಾಡಿಕೊಟ್ಟಿತು ಎಂಬುದು ನನ್ನ ವಾದ.

ಈ ಹಂಚಿಕೆಯನ್ನು 1960ರಲ್ಲಿ ಹೊಸದಾಗಿ ಕಂಡುಹಿಡಿದದ್ದಲ್ಲ. 1571ರಲ್ಲಿ ದ್ವೀಪವನ್ನು ಗೆದ್ದ ಆಟೊಮನ್ನರು ಪ್ರಜೆಗಳನ್ನು ಧರ್ಮದ ಮೂಲಕ ಆಳಿದರು. ಆರ್ಥೊಡಾಕ್ಸ್ ಚರ್ಚಿನ ಆರ್ಚ್‌ಬಿಷಪ್ ತನ್ನ ಮಂದಿಯ ಧರ್ಮಗುರುವಷ್ಟೇ ಆಗಿರದೆ ಸುಲ್ತಾನನ ಮುಂದೆ ಅವರ ಲೌಕಿಕ ವಕ್ತಾರನೂ ಆಗಿದ್ದ. ಆದರೆ ಹಳೆಯ ವ್ಯವಸ್ಥೆಯಲ್ಲಿ ಬೇಲಿಯ ಆಚೀಚೆ ಓಡಾಟವಿತ್ತು. ಮಸೀದಿಗೂ ಚರ್ಚಿಗೂ ಹೋಗುತ್ತ, ಎರಡೆರಡು ಹೆಸರು ಇಟ್ಟುಕೊಂಡು ಬದುಕುತ್ತಿದ್ದ ಲಿನೊಬಂಬಾಕಿ ಎಂಬ ಜನವರ್ಗವೇ ಅಲ್ಲಿತ್ತು. 1878ರಲ್ಲಿ ಬಂದ ಬ್ರಿಟಿಷರು ಈ ಮಸುಕಾದ ಬೇಲಿಯನ್ನು ಚುನಾವಣಾ ಗಣಿತವಾಗಿ ಬದಲಾಯಿಸಿದರು. 1882ರ ಶಾಸನ ಸಭೆಯಲ್ಲಿ ಮುಸ್ಲಿಮರು 3 ಮಂದಿಯನ್ನೂ ಮುಸ್ಲಿಮೇತರರು 9 ಮಂದಿಯನ್ನೂ ಬೇರೆ ಬೇರೆ ಪಟ್ಟಿಗಳಿಂದ ಆರಿಸಬೇಕಿತ್ತು. ಅವರ ಜೊತೆಗೆ 6 ಮಂದಿ ಸರ್ಕಾರಿ ಸದಸ್ಯರು. ಮೂರಕ್ಕೆ ಆರು ಕೂಡಿದರೆ ಒಂಬತ್ತು, ಸಮಬಲವಾದಾಗ ಹೈಕಮಿಷನರರ ನಿರ್ಣಾಯಕ ಮತ. ನಮ್ಮಲ್ಲಿ 1909ರ ಮಿಂಟೊ-ಮಾರ್ಲೆ ಸುಧಾರಣೆಯ ಹೆಸರಿನಲ್ಲಿ ಬಂದ ಪ್ರತ್ಯೇಕ ಮತಕ್ಷೇತ್ರವನ್ನು ಓದಿ ಬೆಳೆದವರಿಗೆ ಈ ಲೆಕ್ಕ ಅಪರಿಚಿತವೆನಿಸದು. ಸೈಪ್ರಸ್ಸಿನಲ್ಲಿ ಅದು 27 ವರ್ಷ ಮೊದಲೇ ಚಾಲ್ತಿಗೆ ಬಂದಿತ್ತು. ಭಾರತದ ನಕಾಶೆಯ ಮೇಲೆ 1947ರ ಗೆರೆ ಎಳೆದ ಸಿರಿಲ್ ರ‍್ಯಾಡ್‌ಕ್ಲಿಫ್ ಅವರೇ 1956ರಲ್ಲಿ ಈ ದ್ವೀಪಕ್ಕೂ ಒಂದು ಸಂವಿಧಾನದ ಕರಡು ಬರೆದುಕೊಟ್ಟರು. ಆ ಕರಡನ್ನು ಸಂಸತ್ತಿನ ಮುಂದಿಡುವಾಗಲೇ ಬ್ರಿಟಿಷ್ ವಸಾಹತು ಕಾರ್ಯದರ್ಶಿ ವಿಭಜನೆಯೂ ಒಂದು ಸಾಧ್ಯತೆ ಎಂದು ಸೂಚಿಸಿಬಿಟ್ಟರು. ಇತ್ತ ನೆಲದ ಮೇಲೆ, 1891ರಲ್ಲಿ 346ರಷ್ಟಿದ್ದ ಮಿಶ್ರ ಹಳ್ಳಿಗಳು 1960ರ ಹೊತ್ತಿಗೆ 114ಕ್ಕೆ ಇಳಿದಿದ್ದವು.

ಈಗ ಸಂವಿಧಾನದ ಪಠ್ಯಕ್ಕೇ ಬರೋಣ. ಅದರ ಎರಡನೆಯ ವಿಧಿ ಇಡೀ ಕಟ್ಟಡದ ಕೀಲು. ಗ್ರೀಕ್ ಮೂಲದವರು, ಗ್ರೀಕ್ ಮಾತೃಭಾಷೆಯವರು, ಗ್ರೀಕ್ ಸಂಸ್ಕೃತಿಯಲ್ಲಿ ಪಾಲುಳ್ಳವರು ಅಥವಾ ಆರ್ಥೊಡಾಕ್ಸ್ ಚರ್ಚಿಗೆ ಸೇರಿದವರು ಗ್ರೀಕ್ ಸಮುದಾಯ. ಟರ್ಕಿಶ್ ಮೂಲದವರು, ಆ ಭಾಷೆ ಸಂಸ್ಕೃತಿಯವರು ಅಥವಾ ಮುಸ್ಲಿಮರು ಟರ್ಕಿಶ್ ಸಮುದಾಯ. ಮೂರನೆಯ ಮನೆಯೇ ಇಲ್ಲ. ಶತಮಾನಗಳಿಂದ ದ್ವೀಪದಲ್ಲಿದ್ದ ಮ್ಯಾರೊನೈಟರು, ಆರ್ಮೇನಿಯನ್ನರು, ಲ್ಯಾಟಿನ್ ಕ್ರೈಸ್ತರು ಮೂರು ತಿಂಗಳೊಳಗೆ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಯಿತು. ಮೂವರೂ ಗ್ರೀಕ್ ಪಟ್ಟಿಗೆ ಸೇರಿದರು. ಇದು ಬರೀ ಕಾಗದದ ಕೆಲಸವಾಗಿ ಉಳಿಯಲಿಲ್ಲ. ನಿಕೋಸಿಯಾದ ಆರ್ಮೇನಿಯನ್ ಕೇರಿ ಟರ್ಕಿಶ್ ಮೊಹಲ್ಲಾಗಳ ಮಗ್ಗುಲಲ್ಲೇ ಇತ್ತು. 1963-64ರ ಗಲಭೆಯಲ್ಲಿ ಅವರು ಮನೆ, ಶಾಲೆ, ಚರ್ಚು ಎಲ್ಲವನ್ನೂ ಬಿಟ್ಟು ಹೊರಡಬೇಕಾಯಿತು, ಏಕೆಂದರೆ ಅಷ್ಟು ಹೊತ್ತಿಗೆ ಅವರು ಯಾವ ಕಡೆಯವರು ಎಂಬುದು ದಾಖಲಾಗಿಹೋಗಿತ್ತು. ಮದುವೆಯಾದ ಹೆಣ್ಣು ಗಂಡನ ಸಮುದಾಯಕ್ಕೂ ಮಕ್ಕಳು ತಂದೆಯ ಸಮುದಾಯಕ್ಕೂ ಸೇರತಕ್ಕದ್ದು ಎಂದು ಅದೇ ವಿಧಿ ಹೇಳಿತು. ಆರ್ಥೊಡಾಕ್ಸ್ ಪ್ರಜೆಗಳ ಮದುವೆಯ ವಿಷಯವನ್ನು 111ನೆಯ ವಿಧಿ ಚರ್ಚಿನ ಕಾನೂನಿಗೇ ಒಪ್ಪಿಸಿತು. ಹಾಗಾಗಿ ಎರಡು ಪಟ್ಟಿಗಳ ನಡುವೆ ಸಂಸಾರ ಹೂಡುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು. ಇಂಥ ವಿಧಿಗಳನ್ನು ವಿದ್ವಾಂಸರು ಸಣ್ಣ ವಿವರಗಳೆಂದು ಬದಿಗಿಡುವುದುಂಟು. ನನಗೆ ಇಡೀ ದಸ್ತಾವೇಜಿನ ಮನಸ್ಸು ಕಾಣುವುದು ಇಲ್ಲಿಯೇ.

ಉಳಿದದ್ದೆಲ್ಲ ಈ ಕೀಲಿನ ಮೇಲೆ ತಿರುಗುತ್ತದೆ. ಅಧ್ಯಕ್ಷರು ಗ್ರೀಕರೇ ಆಗಿರಬೇಕು, ಗ್ರೀಕರೇ ಆರಿಸಬೇಕು; ಉಪಾಧ್ಯಕ್ಷರು ಟರ್ಕಿಶರೇ ಆಗಿರಬೇಕು, ಟರ್ಕಿಶರೇ ಆರಿಸಬೇಕು; ವಿದೇಶ, ರಕ್ಷಣೆ, ಭದ್ರತೆಯಲ್ಲಿ ಇಬ್ಬರಿಗೂ ವೀಟೋ. 50 ಸ್ಥಾನಗಳ ಸಭೆ 35ಕ್ಕೆ 15, ಸರ್ಕಾರಿ ನೌಕರಿ 70ಕ್ಕೆ 30, ಸೈನ್ಯ 60ಕ್ಕೆ 40. ಶಿಕ್ಷಣ ಮತ್ತು ಧರ್ಮ ಪ್ರತ್ಯೇಕ ಸಮುದಾಯ ಸಭೆಗಳ ಪಾಲಿಗೆ. ತೆರಿಗೆ, ಪುರಸಭೆ, ಚುನಾವಣಾ ಕಾನೂನು ಅಂಗೀಕಾರವಾಗಬೇಕಾದರೆ ಎರಡೂ ಗುಂಪುಗಳ ಬೇರೆ ಬೇರೆ ಬಹುಮತ. ಐದು ದೊಡ್ಡ ಪಟ್ಟಣಗಳಲ್ಲಿ ಎರಡೆರಡು ಪುರಸಭೆಗಳು; ಒಂದೇ ಬೀದಿಯ ಚರಂಡಿಗೆ ಎರಡು ಆಡಳಿತ. ಪರಿಣಾಮ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. 1961ರಲ್ಲಿ ಟರ್ಕಿಶ್ ಸದಸ್ಯರು ತೆರಿಗೆ ಮಸೂದೆಯನ್ನು ತಡೆದರು. ಸೈನ್ಯ ಕಟ್ಟಲಾಗಲೇ ಇಲ್ಲ. ಪುರಸಭೆಗಳ ಜಗಳದಲ್ಲಿ ಎರಡೂ ಕಡೆಯ ಕ್ರಮಗಳನ್ನು ಸಾಂವಿಧಾನಿಕ ನ್ಯಾಯಾಲಯ 1963ರ ಏಪ್ರಿಲ್‌ನಲ್ಲಿ ಅಸಿಂಧುಗೊಳಿಸಿತು, ಮರುತಿಂಗಳು ಅದರ ತಟಸ್ಥ ಅಧ್ಯಕ್ಷರಾಗಿದ್ದ ಜರ್ಮನ್ ನ್ಯಾಯಶಾಸ್ತ್ರಜ್ಞ ಅರ್ನ್‌ಸ್ಟ್ ಫೋರ್ಸ್ಟ್‌ಹಾಫ್ ರಾಜೀನಾಮೆ ಕೊಟ್ಟರು. ನವೆಂಬರ್ 30ರಂದು ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಮುಂದಿಟ್ಟರು, ಮೂರು ವಾರಗಳಲ್ಲಿ ಬಂದೂಕುಗಳು ಮಾತಾಡಿದವು. ಡಿಸೆಂಬರ್ ಕೊನೆಯಲ್ಲಿ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಿಕೋಸಿಯಾದ ನಕಾಶೆಯ ಮೇಲೆ ಹಸಿರು ಪೆನ್ಸಿಲ್ಲಿನಿಂದ ಗೆರೆ ಎಳೆದರು. ಗೆರೆ ಹಾದುಹೋದದ್ದು ಆಗಲೇ ಎರಡು ಪುರಸಭೆಗಳಿಗೆ ಹಂಚಿಹೋಗಿದ್ದ ಊರಿನ ನಡುವೆ.

ಹಾಗಾದರೆ ಇದು ಧರ್ಮಯುದ್ಧವೆ? ಹೊರಗಿನಿಂದ ನೋಡುವವರಿಗೆ ಹಾಗೆ ಕಾಣುವುದು ಸಹಜ. ಗ್ರೀಸಿನೊಡನೆ ವಿಲೀನವಾಗುವ ಎನೋಸಿಸ್ ಬೇಡಿಕೆಗೆ 1950ರಲ್ಲಿ ಸಹಿ ಸಂಗ್ರಹಿಸಿದ್ದು ಚರ್ಚುಗಳಲ್ಲಿ. ಗಣರಾಜ್ಯದ ಮೊದಲ ಅಧ್ಯಕ್ಷರು ಸ್ವತಃ ಆರ್ಚ್‌ಬಿಷಪ್. ಧರ್ಮಪೀಠವೂ ರಾಜ್ಯದ ಕುರ್ಚಿಯೂ ಒಬ್ಬರಲ್ಲೇ ಕೂಡಿದ್ದು ಟರ್ಕಿಶ್ ಸೈಪ್ರಿಯಟರ ಭಯವನ್ನು ಹೆಚ್ಚಿಸಿತು. ಇದು ಮಕಾರಿಯೋಸರ ಮೇಲೆ ಹೊರಿಸಲೇಬೇಕಾದ ಹೊಣೆ. ಆದರೆ ಎದುರು ಪಕ್ಷದ ನಾಯಕತ್ವ ಬಂದದ್ದು ಮಸೀದಿಯಿಂದಲ್ಲ, ಕೆಮಾಲಿಸ್ಟ್ ಜಾತ್ಯತೀತತೆಯಿಂದ. ದೇವತಾಶಾಸ್ತ್ರದ ಒಂದು ಪ್ರಶ್ನೆಗಾಗಿಯೂ ಅಲ್ಲಿ ಯಾರೂ ಯಾರನ್ನೂ ಕೊಂದಿಲ್ಲ. 2025ರಲ್ಲಿ ಶಾಲೆಗಳಲ್ಲಿ ಹಿಜಾಬಿಗೆ ಅವಕಾಶ ಕೊಡುವ ನಿಯಮ ಬಂದಾಗ ಉತ್ತರ ನಿಕೋಸಿಯಾದ ಬೀದಿಗಿಳಿದು ಅದನ್ನು ವಿರೋಧಿಸಿದ್ದು ಟರ್ಕಿಶ್ ಸೈಪ್ರಿಯಟ್ ಶಿಕ್ಷಕರ ಸಂಘಗಳು. ಅಂಕಾರಾ ತಮ್ಮ ಸಮಾಜವನ್ನು ಬೇರೆ ಅಚ್ಚಿಗೆ ಹುಯ್ಯುತ್ತಿದೆ ಎಂಬುದು ಅವರ ಸಿಟ್ಟು. ಆ ಸಿಟ್ಟು ಪೂರ್ತಿ ನ್ಯಾಯವೇ, ಹಿಜಾಬು ತೊಡುವ ಹುಡುಗಿಗೆ ಅದರಿಂದ ಅನ್ಯಾಯವಾಗದೆ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು, ಮುಸ್ಲಿಮರೆಂದು ಸಂವಿಧಾನ ಒಟ್ಟುಗೂಡಿಸಿದ ಜನರೊಳಗೇ ಧರ್ಮದ ಸ್ಥಾನದ ಬಗ್ಗೆ ಇಷ್ಟು ಆಳವಾದ ಜಗಳವಿದೆ ಎಂಬುದನ್ನು. ಪಟ್ಟಿಯೊಳಗಿನ ಭಿನ್ನಮತಕ್ಕೆ ಆ ಸಂವಿಧಾನದಲ್ಲಿ ಯಾವ ಜಾಗವೂ ಇರಲಿಲ್ಲ. 1948ರಲ್ಲಿ ಗಣಿ ಕಾರ್ಮಿಕರು ಗ್ರೀಕರು, ಟರ್ಕಿಶರು ಎನ್ನದೆ ಒಟ್ಟಾಗಿ ಮುಷ್ಕರ ಹೂಡಿದ್ದರು. ಹತ್ತು ವರ್ಷಗಳಲ್ಲಿ ಎನೋಸಿಸ್ ಪರ ಸಶಸ್ತ್ರ ಸಂಘಟನೆ ಇಯೋಕಾ ಗ್ರೀಕ್ ಎಡಪಂಥೀಯರನ್ನೂ ಅದಕ್ಕೆ ಎದುರಾಗಿ ನಿಂತ ಟರ್ಕಿಶ್ ಸಶಸ್ತ್ರ ಸಂಘಟನೆ ಟಿಎಂಟಿ ಟರ್ಕಿಶ್ ಎಡಪಂಥೀಯರನ್ನೂ ಬೇಟೆಯಾಡತೊಡಗಿದವು. 1965ರ ಏಪ್ರಿಲ್‌ನಲ್ಲಿ ದರ್ವಿಶ್ ಅಲಿ ಕಾವಾಜೋಗ್ಲು ಮತ್ತು ಕೋಸ್ತಾಸ್ ಮಿಸಿಯಾವುಲಿಸ್ ಎಂಬ ಟರ್ಕಿಶ್ ಮತ್ತು ಗ್ರೀಕ್ ಸಂಗಾತಿಗಳಿಬ್ಬರನ್ನು ಒಂದೇ ಕಾರಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಹಂತಕರಿಗೆ ಸಹಿಸಲಾಗದೆ ಹೋದದ್ದು ಅವರು ಜೊತೆಯಾಗಿದ್ದುದು.

ನನ್ನ ವಾದಕ್ಕೆ ಇರುವ ಅತ್ಯಂತ ಗಟ್ಟಿ ಆಕ್ಷೇಪ, ಟರ್ಕಿಶ್ ಸೈಪ್ರಿಯಟರ ಕಡೆಯಿಂದ ಬರುವಂಥದು. ಜನಸಂಖ್ಯೆಯಲ್ಲಿ ಅವರು ಶೇ. 18ರಷ್ಟು, ಬಹುಸಂಖ್ಯಾತರ ನಾಯಕರು ದೇಶವನ್ನೇ ಇನ್ನೊಂದು ದೇಶಕ್ಕೆ ಸೇರಿಸಹೊರಟವರು. ವೀಟೋ, ಮೀಸಲು, ಪ್ರತ್ಯೇಕ ಬಹುಮತ ಇಲ್ಲದಿದ್ದರೆ ಅವರ ಗತಿಯೇನು? ಈ ಭಯ ನಿಜ, ಟರ್ಕಿಶ್ ಸೈಪ್ರಿಯಟರ ಮೇಲೆ ಹೇರಿದ 1964ರ ದಿಗ್ಬಂಧನಗಳು ಅದನ್ನು ಸಾಬೀತುಪಡಿಸಿದವು. ಮಕಾರಿಯೋಸರ 13 ಅಂಶಗಳಲ್ಲಿ ಹಲವು ಆ ರಕ್ಷಣೆಯನ್ನು ಕಿತ್ತುಹಾಕುವಂಥವೇ ಆಗಿದ್ದವು. ರಕ್ಷಣೆ ಬೇಕಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅಲ್ಪಸಂಖ್ಯಾತರಿಗೆ ಅಧಿಕಾರದಲ್ಲಿ ಖಚಿತ ಪಾಲು ಕೊಡುವುದು ಒಂದು, ಆ ಪಾಲನ್ನು ಅವರವರೇ ಆರಿಸಿಕೊಳ್ಳಬೇಕೆಂದು ಬೀಗ ಹಾಕುವುದು ಇನ್ನೊಂದು. ನಮ್ಮಲ್ಲಿ 1932ರ ಪೂನಾ ಒಪ್ಪಂದದ ಸುತ್ತ ನಡೆದ ಕಠಿಣ ವಾದವಿವಾದದ ತಿರುಳೂ ಇದೇ ಭೇದವಾಗಿತ್ತು. ಸ್ಥಾನ ಮೀಸಲಿರಲಿ, ಮತದಾರರು ಎಲ್ಲರೂ ಇರಲಿ ಎಂಬ ಆ ಪರಿಹಾರಕ್ಕೂ ಅದರದೇ ಗಾಯಗಳಿವೆ. ಬಹುಸಂಖ್ಯಾತರ ಮತದಿಂದ ಗೆದ್ದವನು ತನ್ನವರ ಪರ ನಿಲ್ಲುವನೆ ಎಂದು ಅಂಬೇಡ್ಕರ್ ಕೊನೆಯವರೆಗೂ ಕೇಳಿದರು, ಆ ಪ್ರಶ್ನೆ ಸೈಪ್ರಸ್ಸಿಗೂ ಸಲ್ಲುತ್ತದೆ. ಹಾಗೆಂದು ಬೀಗವೊಂದೇ ಉತ್ತರವಲ್ಲ. 1960ರ ವ್ಯವಸ್ಥೆಯಲ್ಲಿ ಯಾವ ಗ್ರೀಕ್ ರಾಜಕಾರಣಿಗೂ ಒಂದೇ ಒಂದು ಟರ್ಕಿಶ್ ಮತದ ಅಗತ್ಯವಿರಲಿಲ್ಲ, ಯಾವ ಟರ್ಕಿಶ್ ರಾಜಕಾರಣಿಗೂ ಗ್ರೀಕ್ ಮತದ ಹಂಗಿರಲಿಲ್ಲ. ನೆರೆಯವನನ್ನು ಬೈದರೆ ಲಾಭ, ಅವನೊಡನೆ ರಾಜಿಯಾದರೆ ಸ್ವಂತ ಪಟ್ಟಿಯಲ್ಲಿ ದ್ರೋಹಿ.

ಇನ್ನೊಂದು ಆಕ್ಷೇಪ: ಸಂವಿಧಾನವನ್ನೇಕೆ ದೂರುವುದು, ದ್ವೀಪವನ್ನು ಮುರಿದದ್ದು ಹೊರಗಿನವರಲ್ಲವೆ? ಮಕಾರಿಯೋಸರ ವಿರುದ್ಧದ 1974ರ ಜುಲೈ 15ರ ದಂಗೆ ಅಥೆನ್ಸಿನ ಸೇನಾಡಳಿತದ್ದು; ಐದು ದಿನಗಳ ನಂತರದ ದಾಳಿ ಅಂಕಾರಾದ್ದು; 1960ರ ವ್ಯವಸ್ಥೆಗೆ ಗ್ರೀಸ್, ಟರ್ಕಿಗಳ ಜೊತೆ ಖಾತರಿದಾರನಾಗಿದ್ದ ಬ್ರಿಟನ್ ತನ್ನ ಎರಡು ಸೇನಾನೆಲೆಗಳನ್ನು ಕಾಯ್ದುಕೊಂಡು ಸುಮ್ಮನಾಯಿತು. ಇದೆಲ್ಲ ಸತ್ಯ. ಆದರೆ ಈ ಖಾತರಿದಾರರು ಕಾನೂನಿನ ಬಾಗಿಲಿನಿಂದಲೇ ಒಳಗೆ ಬಂದವರು ಎಂಬುದನ್ನು ಮರೆಯಬಾರದು. ಪ್ರಜೆಯನ್ನು ಸೈಪ್ರಿಯಟ್ ಎನ್ನದೆ ಗ್ರೀಕ್ ಅಥವಾ ಟರ್ಕಿಶ್ ಎಂದು ದಾಖಲಿಸಿದ ಮೇಲೆ ಅವನ ಪರವಾಗಿ ಅಥೆನ್ಸ್, ಅಂಕಾರಾಗಳು ಮಾತಾಡುವುದು ಸಹಜವೆಂಬಂತಾಯಿತು. ವಿಶ್ವಸಂಸ್ಥೆಯ ಶಾಂತಿಪಡೆ 1964ರಿಂದ ಅಲ್ಲಿದೆ. ಅದನ್ನು ಮುನ್ನಡೆಸುತ್ತಿದ್ದ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಅವರಂಥ ದಕ್ಷ ಸೇನಾನಿಯೂ ಎರಡು ಬಂದೂಕುಗಳ ನಡುವೆ ಅಂತರ ಕಾಯಬಲ್ಲರೇ ಹೊರತು ಎರಡು ಪಟ್ಟಿಗಳನ್ನು ಒಂದಾಗಿಸಲಾರರು. ಅದು ಪಡೆಯ ಅಧಿಕಾರಕ್ಕೆ ಮೀರಿದ್ದು.

ಬೇರೆಯಾದ ಮೇಲೆ ನೆಮ್ಮದಿಯಿದೆ, ಹಾಗೇ ಇರಲಿ ಎನ್ನುವವರೂ ಇದ್ದಾರೆ. 1974ರ ನಂತರ ಸಾಮೂಹಿಕ ಹತ್ಯೆಗಳು ನಡೆದಿಲ್ಲವೆಂಬುದು ನಿಜ. ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು: ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ, ನಲವತ್ತು ಸಾವಿರಕ್ಕೂ ಹೆಚ್ಚು ಟರ್ಕಿಶರು ಉತ್ತರಕ್ಕೆ ಹೊರಟರು, ಎರಡೂ ಕಡೆ ಸೇರಿ 2,002 ಮಂದಿ ನಾಪತ್ತೆಯಾದವರ ಅಧಿಕೃತ ಪಟ್ಟಿಯಲ್ಲಿದ್ದಾರೆ, ಅವರಲ್ಲಿ ಹಲವರ ಎಲುಬುಗಳಿಗಾಗಿ ಉಭಯ ಸಮುದಾಯಗಳ ತಜ್ಞರು ಇಂದಿಗೂ ಮಣ್ಣು ಅಗೆಯುತ್ತಿದ್ದಾರೆ. 2003ರ ಏಪ್ರಿಲ್ 23ರಂದು ದಾಟುದಾರಿಗಳು ತೆರೆದಾಗ ಜನ ಸಾಲುಗಟ್ಟಿ ಅತ್ತಿತ್ತ ನಡೆದರು, ಹಳೆಯ ಮನೆಗಳ ಬಾಗಿಲು ತಟ್ಟಿದರು. ಹೆದರಿದಂತೆ ರಕ್ತಪಾತವಾಗಲಿಲ್ಲ. ಶಾಂತಿಯನ್ನು ಕಾಯ್ದದ್ದು ಮುಳ್ಳುತಂತಿಯೊಂದೇ ಆಗಿದ್ದರೆ ಅಂದು ಅದು ಕುಸಿಯಬೇಕಿತ್ತು.

ಹಳೆಯ ಪಟ್ಟಿ ಮಾತ್ರ ಜೀವಂತವಾಗಿತ್ತು. ದಕ್ಷಿಣದಲ್ಲೇ ನೆಲೆಸಿದ್ದ ಒಬ್ಬ ಟರ್ಕಿಶ್ ಸೈಪ್ರಿಯಟ್ ಪ್ರಜೆ ಮತದಾನದ ಹಕ್ಕು ಕೇಳಿದರೆ, ನಿಮ್ಮದು ಟರ್ಕಿಶ್ ಪಟ್ಟಿ, ಗ್ರೀಕ್ ಪಟ್ಟಿಗೆ ಸೇರಿಸಲು ಬಾರದು ಎಂಬ ಉತ್ತರ ಬಂತು. ಇದು ಹಕ್ಕಿನ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2004ರ ಜೂನ್‌ನಲ್ಲಿ ತೀರ್ಪಿತ್ತಿತು. ಅದೇ ವರ್ಷ ಏಪ್ರಿಲ್ 24ರಂದು ದ್ವೀಪವನ್ನು ಮತ್ತೆ ಒಂದುಗೂಡಿಸಲು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ರೂಪಿಸಿದ ಯೋಜನೆ ಜನಮತಕ್ಕೆ ಬಂದಿತ್ತು; ಉತ್ತರದಲ್ಲಿ ಶೇ. 65ರಷ್ಟು ಒಪ್ಪಿಗೆ, ದಕ್ಷಿಣದಲ್ಲಿ ಶೇ. 76ರಷ್ಟು ತಿರಸ್ಕಾರ. ಟರ್ಕಿಯ ಸೇನೆ ಮತ್ತು ಖಾತರಿಯ ಬಗೆಗಿನ ಅಳುಕು ಇದಕ್ಕೆ ಕಾರಣವಾಗಿತ್ತು, ಒಪ್ಪುತ್ತೇನೆ. ಆದರೆ ಆ ಯೋಜನೆಯೂ ಮತದಾರರನ್ನು ಬೆರೆಸುವ ಧೈರ್ಯ ತೋರಿರಲಿಲ್ಲ. ಆ ಧೈರ್ಯ ಕಂಡದ್ದು 2010ರ ಮಾತುಕತೆಗಳಲ್ಲಿ. ಅಧ್ಯಕ್ಷ ಪದವಿ ಸರದಿಯಲ್ಲಿ ಬರಲಿ, ಗ್ರೀಕ್ ಅಭ್ಯರ್ಥಿಯ ಆಯ್ಕೆಯಲ್ಲಿ ಟರ್ಕಿಶರ ಮತಕ್ಕೂ ಟರ್ಕಿಶ್ ಅಭ್ಯರ್ಥಿಯ ಆಯ್ಕೆಯಲ್ಲಿ ಗ್ರೀಕರ ಮತಕ್ಕೂ ನಿಗದಿತ ತೂಕವಿರಲಿ ಎಂಬ ಪರಸ್ಪರ ಮತದಾನದ ತತ್ವಕ್ಕೆ ಗ್ರೀಕ್ ಸೈಪ್ರಿಯಟ್ ನಾಯಕ ಕ್ರಿಸ್ಟೋಫಿಯಾಸ್ ಮತ್ತು ಟರ್ಕಿಶ್ ಸೈಪ್ರಿಯಟ್ ನಾಯಕ ತಲಾತ್ ಇಬ್ಬರೂ ಬಂದು ನಿಂತಿದ್ದರು. ಬೀಗವಿಲ್ಲದ ಕಡೆ ಏನಾಗಬಹುದೆಂದು 2019ರ ಯುರೋಪಿಯನ್ ಸಂಸತ್ ಚುನಾವಣೆ ತೋರಿಸಿತು. ಇಡೀ ದ್ವೀಪ ಒಂದೇ ಕ್ಷೇತ್ರವಾಗಿದ್ದ ಅಲ್ಲಿ ಟರ್ಕಿಶ್ ಸೈಪ್ರಿಯಟ್ ಪ್ರಾಧ್ಯಾಪಕ ನಿಯಾಜಿ ಕಿಝಿಲ್ಯುರೆಕ್ ದಕ್ಷಿಣದ ಎಡಪಂಥೀಯ ಆಕೆಲ್ ಪಕ್ಷದಿಂದ ಗೆದ್ದರು; ಅವರಿಗೆ ಬಿದ್ದ ಮತಗಳಲ್ಲಿ ಹೆಚ್ಚಿನವು ಗ್ರೀಕರದು. ಒಂದು ಚುನಾವಣೆಯಿಂದ ದೇಶ ಒಂದಾಗದು. ಆದರೆ 2025ರ ಅಕ್ಟೋಬರ್‌ನಲ್ಲಿ ಉತ್ತರದ ಮತದಾರರು ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಅವರನ್ನು ತಮ್ಮ ನಾಯಕರನ್ನಾಗಿ ಆರಿಸಿರುವಾಗ, ಮತ್ತೆ ಮಾತುಕತೆಗೆ ಕೂರುವವರು ಮೊದಲು ತೆರೆದು ಓದಬೇಕಾದದ್ದು ಆ ಎರಡನೆಯ ವಿಧಿಯನ್ನೇ. ಎಷ್ಟು ನೆಲ ಯಾರಿಗೆ ಎಂಬ ಲೆಕ್ಕಕ್ಕಿಂತ ಮೊದಲು, ಎರಡೂ ಪಟ್ಟಿಗಳಿಗೆ ಸೇರಲೊಲ್ಲದ ಸೈಪ್ರಿಯಟ್ ಪ್ರಜೆಯ ಮತವನ್ನು ಯಾವ ಪೆಟ್ಟಿಗೆಯಲ್ಲಿ ಎಣಿಸುತ್ತೀರಿ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗಿದೆ.