ಗೆರೆ ಹೇಳುವ ಸತ್ಯ
ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಕುಡತಿನಿಯ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಕಾಣುತ್ತವೆ. ಮೂರು ಘಟಕ, ಒಟ್ಟು 1,700 ಮೆಗಾವ್ಯಾಟ್. ಇಂಥ ಸ್ಥಾವರಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಒಂದು ಹಾಳೆ: ಟರ್ಬೈನನ್ನು ಹೇಗೆ ಚಾಲೂ ಮಾಡಬೇಕೆಂದು ತೋರಿಸುವ ನಕ್ಷೆ, ಅಂದರೆ ಸ್ಟಾರ್ಟಪ್ ಕರ್ವ್.

ಅಡ್ಡಕ್ಕೆ ಸಮಯ; ಉದ್ದಕ್ಕೆ ಆವಿಯ ಒತ್ತಡ, ಉಷ್ಣತೆ, ವೇಗ, ಲೋಡ್. ಯಂತ್ರ ತಣ್ಣಗಿದ್ದರೆ ಒಂದು ನಕ್ಷೆ, ಬಿಸಿಯಿದ್ದರೆ ಇನ್ನೊಂದು. ವೇಗದ ಗೆರೆ ಏರುತ್ತದೆ. ಉಕ್ಕು ಸಮನಾಗಿ ಕಾಯಲೆಂದು ಸ್ವಲ್ಪ ಹೊತ್ತು ಮಟ್ಟಸವಾಗಿ ಸಾಗುತ್ತದೆ. ಕಂಪನ ಹೆಚ್ಚುವ ವೇಗಗಳನ್ನು ಎಲ್ಲೂ ನಿಲ್ಲದೆ ದಾಟಿ ನಿಮಿಷಕ್ಕೆ 3,000 ಸುತ್ತು ಮುಟ್ಟುತ್ತದೆ. ಪುಟಗಟ್ಟಲೆ ಬರೆಯಬೇಕಾದ ನಿಯಮವನ್ನು ನಾಲ್ಕು ಗೆರೆ ಹೇಳಿಬಿಡುತ್ತವೆ.

ಯಂತ್ರ ನಿಜಕ್ಕೂ ನಡೆದ ದಾರಿಯನ್ನು ರೆಕಾರ್ಡರ್ ಬರೆದಿಟ್ಟಿರುತ್ತದೆ. ಅದನ್ನು ಈ ನಕ್ಷೆಯ ಪಕ್ಕಕ್ಕಿಟ್ಟರೆ ಎಲ್ಲಿ ಅವಸರವಾಯಿತೆಂಬುದು ಕಣ್ಣಿಗೇ ಬೀಳುತ್ತದೆ. ಟರ್ಬೈನಿನಲ್ಲಿ ತಿರುಗುವ ದಪ್ಪ ರೋಟರಿನ ಹೊರಮೈ ಬೇಗ ಕಾದು ಒಳಗು ತಣ್ಣಗೇ ಉಳಿದರೆ ಲೋಹ ದಣಿಯುತ್ತದೆ. ಬಿರುಕು ಎಷ್ಟೋ ವರ್ಷಗಳ ಮೇಲೆ ಬಾಯಿ ಬಿಡಬಹುದು. ಗೆರೆಯ ವ್ಯತ್ಯಾಸ ಅದನ್ನು ಅಂದೇ ಸೂಚಿಸುತ್ತದೆ.

ಇಂದು ಹೋಲಿಸುವ ಕೆಲಸವನ್ನು ಕಂಪ್ಯೂಟರ್ ಮಾಡಬಲ್ಲದು. ಆದರೂ ಎಂಜಿನಿಯರನಿಗೂ ಆಪರೇಟರನಿಗೂ ಒಂದೇ ಅರ್ಥ ಕೊಡುವ ಭಾಷೆ ಚಿತ್ರವೇ. ಸಿರುಗುಪ್ಪದ ಅಕ್ಕಿ ಗಿರಣಿ ತಿರುಗುವಾಗ, ಕುರುಗೋಡಿನ ಮನೆಯಲ್ಲಿ ದೀಪ ಹತ್ತಿದಾಗ, ಆ ಬೆಳಕಿನ ಹಿಂದೆ ಇಂಥದೊಂದು ಗೆರೆಯ ಶಿಸ್ತಿದೆ.