ಹಿಡಿ ಯಾರದು?

ಹಳೆ ಉಪಕರಣಗಳನ್ನು ರಿಪೇರಿ ಮಾಡುವ ಹವ್ಯಾಸಿಗಳ ಬರಹಗಳಲ್ಲಿ ‘ಮೂಲ’ ಅನ್ನೋ ಮಾತು ಮಂತ್ರದ ಹಾಗೆ ಬರುತ್ತದೆ. ಮೂಲ ಬಣ್ಣ, ಮೂಲ ಸ್ಕ್ರೂ, ಮೂಲ ಹಿಡಿ. ಮೂಲ ಕೇಳುವವರನ್ನು ಕಂಡರೆ ನಮಗೆ ಮೊದಲಿಂದಲೂ ಅನುಮಾನ.

ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಕಬ್ಬಿಣದ ತೋಪಡವನ್ನೇ ತಗೊಳ್ಳಿ. ಲಿಯೊನಾರ್ಡ್ ಬೈಲಿಯ ಪೇಟೆಂಟುಗಳನ್ನು ಈ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇದರಲ್ಲಿ ಮುರಿಯೋದು ಹಿಂದಿನ ಮರದ ಹಿಡಿ. ಕಳೆದುಹೋಗೋದು ಅದನ್ನು ಎರಕದ ಒಡಲಿಗೆ ಬಿಗಿಯುವ ಉದ್ದನೆ ಸರಳು. ಸರಳಿನ ದಪ್ಪ ಸುಮಾರು ಅಂಗುಲದ 7/32, ಅಂಗುಲಕ್ಕೆ 20 ಥ್ರೆಡ್. ಕಾಲಂಗುಲದ ವಿಟ್‌ವರ್ತ್ ಬೋಲ್ಟಿಗೂ ಇರೋದು 20. ಆದರೆ ಅದು ದಪ್ಪ, ತೂತಿಗೆ ಇಳಿಯೋಲ್ಲ. ಅವಸರದವರು ಒಡಲಿನ ತೂತನ್ನೇ ದೊಡ್ಡದು ಮಾಡಿ ಹೊಸ ಥ್ರೆಡ್ ಕೊಯ್ಯುತ್ತಾರೆ. ಆಮೇಲೆ ಹಳೆ ಸರಳು ಸಿಕ್ಕರೂ ಕೂರೋಲ್ಲ. ಬಲ್ಲ ಫಿಟ್ಟರ್ ತೂತಿಗೆ ತಕ್ಕ ಸರಳು ಕಡೆಯುತ್ತಾನೆ. ಹಿಡಿಗೆ ಮರ ಕೊಯ್ಯುವಾಗಲೂ ಎಳೆ ತಳದ ಉದ್ದಕ್ಕೇ ಓಡಬೇಕು. ಇಲ್ಲಾಂದ್ರೆ ಹಿಂದಕ್ಕೆ ಚಾಚಿದ ಕೊಂಬು ಒಂದೇ ಪೆಟ್ಟಿಗೆ ಹಾರಿಹೋಗುತ್ತದೆ.

ಇಷ್ಟರ ಮಟ್ಟಿಗೆ ಆ ಬರಹಗಳಿಂದ ಕಲಿಯೋದು ಬಹಳ ಇದೆ. ತಕರಾರು ಮುಂದಿನದಕ್ಕೆ. ಯಾವನೋ ಬಡಗಿ ಹಿಡಿ ಮುರಿದಾಗ ಕೈಗೆ ಸಿಕ್ಕ ಮರ ಕೆತ್ತಿ, ತನ್ನ ಅಂಗೈಗೆ ಕೂರುವ ಹಾಗೆ ಇನ್ನೊಂದು ಮಾಡಿಕೊಂಡಿರುತ್ತಾನೆ. ವರ್ಷಗಟ್ಟಲೆ ಅವನ ಬೆವರು ಕುಡಿದು ಅದು ನುಣುಪಾಗಿರುತ್ತದೆ. ಹವ್ಯಾಸಿ ಅದನ್ನು ಕಿತ್ತೆಸೆದು ಕಂಪನಿಯ ಅಚ್ಚಿನ ಬೀಟೆ ಹಿಡಿ ಹಾಕುತ್ತಾನೆ. ಹೊಸದು ಅಂತ ಗೊತ್ತಾಗದ ಹಾಗೆ ಬಣ್ಣ ಬಳಿದು ಹಳತು ಮಾಡುತ್ತಾನೆ. ಪೇಟೆಂಟ್ ಪಡೆದ ಬೈಲಿಯ ಹೆಸರು ಎರಕದಲ್ಲಿ ಉಳೀತು. ದುಡಿದವನ ಕೈಗುರುತು ಕಸಕ್ಕೆ ಹೋಯ್ತು. (ನಮ್ಮ ಕವಿಗಳೂ ಸಾಚಾ ಅಲ್ಲ. ನಮ್ಮ ಪದ್ಯಗಳಲ್ಲಿ ಸುತ್ತಿಗೆಗಳು ಬೇಕಾದಷ್ಟಿವೆ. ಕಾವು ಸಡಿಲವಾದಾಗ ಬೆಣೆ ಹೊಡೆದವನು ಎಷ್ಟು ಪದ್ಯದಲ್ಲಿದ್ದಾನೆ?)

ಸ್ಮಾರಕಗಳ ಜೀರ್ಣೋದ್ಧಾರಕ್ಕೆ 1964ರ ವೆನಿಸ್ ಸನ್ನದು ಒಂದು ನಿಯಮ ಹಾಕಿತು: ಕಳೆದುಹೋದ ಭಾಗಕ್ಕೆ ಬದಲಿ ಸೇರಿಸಿದರೆ ಅದು ಒಟ್ಟಿಗೆ ಹೊಂದಬೇಕು, ಆದರೂ ಮೂಲದಿಂದ ಬೇರೆ ಅಂತ ಕಾಣಬೇಕು. ಇಲ್ಲದಿದ್ದರೆ ಸಾಕ್ಷ್ಯ ಸುಳ್ಳಾಗುತ್ತದೆ. ಕಲ್ಲಿನ ಗುಡಿಗೆ ಸಿಕ್ಕ ಈ ಪ್ರಾಮಾಣಿಕತೆ ಬಡಗಿಯ ತೋಪಡಕ್ಕೆ ಯಾಕೆ ಸಿಗಬಾರದು? ಬಡಗಿಯ ಹಿಡಿ ಗಟ್ಟಿಯಾಗಿದ್ದರೆ ಅಲ್ಲೇ ಇರಲಿ. ಹೊಸ ಸರಳು ಮಾಡಿದವನು ತನ್ನ ಗುರುತು, ಇಸವಿ ಕೊರೆಯಲಿ.

ಐ.ಟಿ.ಐ. ಓದುವ ನಮ್ಮ ಹುಡುಗರಿಗೆ ಇದೇನು ದೊಡ್ಡ ಕೆಲಸವಲ್ಲ. ಆ ಅಳತೆಯ ಡೈ ಸಿಗದಿದ್ದರೆ ಲೇತಿನ ಗೇರು ಬದಲಿಸಿ ಕೊಯ್ಯಬಹುದು.